ಹಸಿರು ದೀಪ ಹತ್ತುವ ಊರು

ಚಾರ್ಮಾಡಿ ಘಾಟಿಗೆ ಮೊದಲ ಸಲ ಲಾರಿ ತಂದ ದಿನ ನಾನು ಮೋಡಕ್ಕೆ ನೀರು ಹಾಕಲು ಹೋಗಿದ್ದೆ. ಬೆಳಿಗ್ಗೆ ಹತ್ತು ಗಂಟೆ. ಕೊಟ್ಟಿಗೆಹಾರ ದಾಟಿ ಎರಡು ತಿರುವು ಇಳಿದಿದ್ದೆನೋ ಇಲ್ಲವೋ, ಲಾರಿಯ ಮೂತಿಯ ಮುಂದೆ ಬೆಳ್ಳಗೆ ಹೊಗೆ ಎದ್ದಿತು. ನಮ್ಮ ಇಂಡಿ ತಾಲ್ಲೂಕಿನ ಬಿಸಿಲಿನಲ್ಲಿ ಸ್ಟೇರಿಂಗ್ ಹಿಡಿದವನಿಗೆ ಬಿಳಿ ಹೊಗೆ ಅಂದರೆ ಒಂದೇ ಅರ್ಥ, ರೇಡಿಯೇಟರ್ ಕುದಿಯುತ್ತಿದೆ. ಲಾರಿ ನಿಲ್ಲಿಸಿದೆ, ಚಕ್ರಕ್ಕೆ ಕಲ್ಲು ಕೊಟ್ಟೆ, ನೀರಿನ ಡಬ್ಬಿ ಹಿಡಿದು ಇಳಿದೆ. ಬಾನೆಟ್ ಮುಟ್ಟಿದರೆ ತಣ್ಣಗಿದೆ. ಹೊಗೆ ಮಾತ್ರ ಹೆಚ್ಚುತ್ತಲೇ ಇದೆ. ಲಾರಿಯ ಹಿಂದೆಯೂ ಅದೇ, ನನ್ನ ಅಂಗಿಯೊಳಗೂ ಅದೇ. ಊರಿಗೆ ಊರೇ ಹೊತ್ತಿಕೊಂಡಿದೆ, ಸುಟ್ಟ ವಾಸನೆ ಮಾತ್ರ ಇಲ್ಲ!

ಅಷ್ಟರಲ್ಲಿ ಕೆಳಗಿನಿಂದ ಹಾರ್ನ್ ಹೊಡೆಯುತ್ತ ಇನ್ನೊಂದು ಲಾರಿ ಬಂತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ನನ್ನನ್ನೂ ಡಬ್ಬಿಯನ್ನೂ ನೋಡಿದ.

"ಎಂಥ ಮಾರಾಯ, ಮೋಡಕ್ಕೆ ನೀರು ಹಾಕ್ತಿದ್ದೀಯಾ?"

ಅವರೇ ಬಣಕಲ್ಲಿನ ಲೋಕಣ್ಣ. ಮೂರು ಎಕರೆ ಕಾಫಿ ತೋಟ ಇಟ್ಟುಕೊಂಡು, ತೋಟದ ಕೆಲಸ ಇಲ್ಲದಾಗ ಲಾರಿ ಓಡಿಸುವವರು. ಅವರು ಆ ದಿನ ನಕ್ಕ ನಗು ಇನ್ನೂ ಮುಗಿದಿಲ್ಲ. ತೊಂಬತ್ತೈದರಲ್ಲಿ ನಡೆದದ್ದನ್ನು ಈಗಲೂ ಬಣಕಲ್ಲಿನ ಹೋಟೆಲಿನಲ್ಲಿ ಹೊಸಬರು ಯಾರೇ ಬಂದರೂ ಹೇಳುತ್ತಾರೆ. ನಾನೂ ಪಕ್ಕದಲ್ಲಿ ಕೂತು ಕೇಳುತ್ತೇನೆ, ಬಿಟ್ಟುಹೋದ ವಿವರ ಸೇರಿಸುತ್ತೇನೆ.

ವಿಜಾಪುರ ಸೀಮೆಯ ನನ್ನ ಜನರೇ, ರಜೆಗೆ ಬಂದಾಗಲೆಲ್ಲ ನೀವು "ಆ ಕಾಡಿನಾಗ ಹ್ಯಾಂಗ ಇದ್ದೀಯಪಾ?" ಎಂದು ಕೇಳುತ್ತೀರಿ. ನಾನು "ಛಲೋ ಐತಿ" ಎಂದು ಹೇಳಿ ಮಾತು ಮುಗಿಸುತ್ತೇನೆ. ಎರಡು ದಿನದ ರಜೆಯಲ್ಲಿ ಹೇಳಿ ಮುಗಿಯುವ ಸಂಗತಿಯೇ ಇದು? ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಮ್ಮಲ್ಲಿ ರಸ್ತೆ ಎಂದರೆ ಕಣ್ಣಿನ ಕೆಲಸ. ಎದುರಿನ ಗಾಡಿ ಕಂಡು, ಅದು ನಮ್ಮನ್ನು ದಾಟುವುದರೊಳಗೆ ಒಂದು ಬೀಡಿ ಸೇದಿ ಮುಗಿಸಬಹುದು. ಇಲ್ಲಿ ರಸ್ತೆ ಎಂದರೆ ಕಿವಿಯ ಕೆಲಸ. ಮೊದಲು ಹಾರ್ನ್ ಬರುತ್ತದೆ, ಆಮೇಲೆ ಬೆಳಕು, ಕೊನೆಗೆ ಬಸ್ಸು. ಅದೂ ಎಷ್ಟು ಹತ್ತಿರ ಎಂದರೆ ಅದರ ಡ್ರೈವರ್ ಬೆಳಿಗ್ಗೆ ಗಡ್ಡ ಹೆರೆದಿದ್ದಾನೋ ಇಲ್ಲವೋ ಹೇಳಬಹುದು. ಮೊದಲ ಮಳೆಗಾಲದಲ್ಲಿ ದೇವರಮನೆ ಗುಡ್ಡದ ಕಡೆಯ ಎಸ್ಟೇಟಿಗೆ ಹೋಗಿ ಬಂದಾಗಲೆಲ್ಲ ನನ್ನ ಕೈ ಗಂಟೆಗಟ್ಟಲೆ ಸ್ಟೇರಿಂಗ್ ಹಿಡಿದ ಹಾಗೇ ಇರುತ್ತಿತ್ತು.

ಬಣಕಲ್ಲಿನಲ್ಲಿ ಮನೆ ಕೊಟ್ಟವರೂ ಲೋಕಣ್ಣನೇ. ಅವರ ಮನೆಗೆ ಅಂಟಿಕೊಂಡ ಎರಡು ಕೋಣೆ. ನನ್ನ ಹೆಂಡತಿ ಶಾಂತವ್ವ ಬಂದ ಮರುದಿನವೇ ಲೋಕಣ್ಣನ ಹೆಂಡತಿ ಸರೋಜಕ್ಕ ಬಾಗಿಲಿಗೆ ಬಂದು, "ಎಂಥ ಅಡುಗೆ?" ಎಂದು ಕೇಳಿದರು. ಇಲ್ಲಿ ‘ಎಂಥ’ ಎಂದರೆ ‘ಏನು’. ಅದು ನಮಗೇನು ಗೊತ್ತು? ಎಂಥಾ ಅಡಿಗೆ ಮಾಡ್ತಾಳೋ ಎಂದು ಹಂಗಿಸುತ್ತಿದ್ದಾರೆ ಎಂದು ತಿಳಿದ ನನ್ನಾಕೆ, "ಛಲೋ ಅಡಿಗೀನ ಮಾಡೀನ್ರಿ!" ಎಂದು ಉತ್ತರ ಕೊಟ್ಟು ಬಾಗಿಲು ಮುಂದೆ ಮಾಡಿದಳು. ಸಂಜೆ ಸರೋಜಕ್ಕ ಒಂದು ಬಟ್ಟಲು ಕಳಲೆ ಪಲ್ಯ, ಅಂದರೆ ಎಳೆ ಬಿದಿರಿನ ಪಲ್ಯ, ತಂದಿಟ್ಟು ಹೋದರು. ಬಿದಿರು ತಿನ್ನುವ ಜನರ ನಡುವೆ ತಂದು ಹಾಕಿದಿರಲ್ಲ ಎಂದು ಶಾಂತವ್ವ ಅತ್ತಳು. ಅಳುತ್ತಲೇ ಬಟ್ಟಲು ಖಾಲಿ ಮಾಡಿದಳು.

ಐದು ವರ್ಷ ಅವಳು ಊರಿಗೆ ಹೋಗೋಣ ಎಂದೇ ಹೇಳುತ್ತಿದ್ದಳು. "ಜೂನಿನಾಗ ಹರವಿದ ಸೀರಿ ಆಗಸ್ಟಿನಾಗ ಒಣಗತೈತಿ. ಇದೂ ಒಂದು ಊರಾ?" ಜೋಳದ ಹಿಟ್ಟಿಗೆ ವಾರದೊಳಗೆ ಬೂಷ್ಟು ಹಿಡಿಯುತ್ತಿತ್ತು. ಆಮೇಲೆ ಬಣಕಲ್ಲಿನ ಶೆಟ್ಟರ ಅಂಗಡಿಯಲ್ಲಿ ನಮಗೆಂದೇ ಹುಬ್ಬಳ್ಳಿಯಿಂದ ಜೋಳದ ಹಿಟ್ಟು ತರಿಸತೊಡಗಿದರು, ಒಂದೇ ಡಬ್ಬಿ. ಈಗ ಸಕ್ಕರೆ ಕಾಯಿಲೆ ಬಂದವರೆಲ್ಲ ಅದೇ ಹಿಟ್ಟು ಕೊಂಡು, ರೊಟ್ಟಿ ಬಡಿಯುವುದನ್ನು ಕಲಿಯಲು ಶಾಂತವ್ವನ ಅಡುಗೆಮನೆಗೆ ಬರುತ್ತಾರೆ. ಕೈಯಿಂದ ಬಡಿಯಲು ಬಾರದೆ ಅವರು ಸೋತಾಗ ಅವಳ ಮುಖ ನೋಡಬೇಕು.

ಹೀಗೆ ಹನ್ನೆರಡು ವರ್ಷ ಕಳೆದ ಮೇಲೆ ನಮ್ಮ ಲಾರಿಗಳಿಗೆ ಪೆಟ್ಟಿಗೆ ಬಂತು.

ಮಂಗಳೂರಿನ ಒಂದು ಸಾಗಣೆ ಕಂಪನಿಯಲ್ಲಿ ನಾನೂ ಲೋಕಣ್ಣನೂ ಡ್ರೈವರುಗಳು. ಅತ್ತಿಗುಂಡಿಯಿಂದ ಕಳಸದವರೆಗೆ ಎಸ್ಟೇಟುಗಳ ಕಾಫಿ ಮೂಟೆ ಹೇರಿಕೊಂಡು ಘಟ್ಟ ಇಳಿಸುವುದು ನಮ್ಮ ಕೆಲಸ. ಕಾಫಿ ಕೊಳ್ಳುವ ಹೊರದೇಶದವರು, ನಿಮ್ಮ ಡ್ರೈವರುಗಳು ನಿದ್ದೆ ಮಾಡುತ್ತಾರೋ ಇಲ್ಲವೋ ಎಂದು ಕೇಳಿದರಂತೆ. ಅದಕ್ಕೆ ಉತ್ತರವಾಗಿ ಸ್ಟೇರಿಂಗಿನ ಪಕ್ಕ ಊಟದ ಡಬ್ಬಿಯಷ್ಟು ದೊಡ್ಡ ಒಂದು ಕರಿ ಯಂತ್ರ ಕೂಡಿಸಿದರು. ಎಂಜಿನ್ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ವೇಗ, ಎಲ್ಲಿ ನಿಂತೆ, ಎಷ್ಟು ಹೊತ್ತು ಮಲಗಿದೆ, ಎಲ್ಲವನ್ನೂ ಅದು ತಾನೇ ಬರೆದು ಮಂಗಳೂರಿಗೆ ಕಳಿಸುತ್ತದೆ. ನಾಲ್ಕು ಗಂಟೆ ಎಡೆಬಿಡದೆ ಓಡಿಸಿದರೆ ಕಿರುಚುತ್ತದೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ಗುಮಾಸ್ತರಿಗೆ ಇಲ್ಲಿ ‘ರೈಟರು’ ಎನ್ನುತ್ತಾರೆ. ನಮ್ಮವರು ಒಂದೇ ದಿನದಲ್ಲಿ ಪೆಟ್ಟಿಗೆಗೂ ಅದೇ ಹೆಸರಿಟ್ಟರು.

ಮೊದಮೊದಲು ರೈಟರ ಮೇಲೆ ನಮಗೆ ಕೆಂಡದಂಥ ಕೋಪ. ಎಸ್ಟೇಟಿನ ಕಣದಲ್ಲಿ ಆರು ಗಂಟೆ ಮಳೆಯಲ್ಲಿ ನಿಂತು ಮೂಟೆ ಹೇರಿಸಿದರೆ, ಎಂಜಿನ್ ಆಫ್ ಇದೆಯಲ್ಲ, ಅದನ್ನು ವಿಶ್ರಾಂತಿ ಎಂದು ಬರೆಯುತ್ತಿತ್ತು. ಘಾಟಿಯಲ್ಲಿ ಮರ ಬಿದ್ದು ಇದ್ದಲ್ಲೇ ಎಂಜಿನ್ ಗುರುಗುಟ್ಟಿಸುತ್ತ ಕೂತರೆ ಅದನ್ನು ದುಡಿಮೆ ಎನ್ನುತ್ತಿತ್ತು. ಲೋಕಣ್ಣ ಅದಕ್ಕೆ ಟವೆಲ್ ಹೊದಿಸಿ ನೋಡಿದರು, ಬೈದು ನೋಡಿದರು. ಆದರೆ ಒಂದು ಮಾತು ಒಪ್ಪಬೇಕು. ಮುಂಚೆ ಆಫೀಸಿನವರು "ಬೆಳಗಾಗೋದ್ರೊಳಗೆ ಬಂದುಬಿಡಿ" ಎಂದರೆ ಕಣ್ಣಿಗೆ ನೀರು ಚಿಮುಕಿಸಿಕೊಂಡು ರಾತ್ರಿಯಿಡೀ ಓಡಿಸುತ್ತಿದ್ದೆವು. ಈಗ "ರೈಟರು ಬಿಡೋದಿಲ್ಲ ಸಾರ್" ಎಂದು ಹೇಳಿ ಮಲಗಬಹುದು. ಹನ್ನೆರಡು ವರ್ಷದಲ್ಲಿ ನನ್ನ ನಿದ್ದೆಯ ಪರವಾಗಿ ಮಾತಾಡಿದ್ದು ಅದೊಂದೇ, ಅದಕ್ಕೇ ನನಗೆ ಅದರ ಮೇಲೆ ಪ್ರೀತಿ ಬಂತು.

ರೈಟರಿಗೆ ಒಂದು ಹಸಿರು ದೀಪ ಇತ್ತು. ಡ್ರೈವರು ತನ್ನ ಊರಿಗೆ ಬಂದು ಲಾರಿ ನಿಲ್ಲಿಸಿದಾಗ ಮಾತ್ರ ಅದು ಹತ್ತುತ್ತದೆ, ಹತ್ತಿದ್ದಷ್ಟು ಹೊತ್ತು ‘ಮನೆಯ ವಿಶ್ರಾಂತಿ’ ಎಂದು ಲೆಕ್ಕ. ಬಣಕಲ್ಲಿನ ರಸ್ತೆ ಬದಿಯಲ್ಲಿ ಲೋಕಣ್ಣನ ಲಾರಿಯೊಳಗೆ ಸಂಜೆಯಾದರೆ ಹಸಿರು ಬೆಳಕು. ಪಕ್ಕದಲ್ಲೇ ನಿಂತ ನನ್ನ ಲಾರಿಯಲ್ಲಿ ಮಾತ್ರ ಕತ್ತಲೆ. "ನಿನ್ನ ರೈಟರಿಗೆ ನಿನ್ನ ಮೇಲೆ ಸಿಟ್ಟು ಮಾರಾಯ," ಎಂದು ಲೋಕಣ್ಣ ನಗುತ್ತಿದ್ದರು. ಬಲ್ಬ್ ಹೋಗಿರಬೇಕು ಎಂದುಕೊಂಡು ನಾನೂ ಸುಮ್ಮನಿದ್ದೆ.

ಆರು ತಿಂಗಳ ಮೇಲೆ ಮಂಗಳೂರಿನ ಮ್ಯಾನೇಜರು ಆಫೀಸಿಗೆ ಕರೆಸಿದರು. ಒಳ್ಳೆಯ ಮನುಷ್ಯ, ಪ್ರಭುಗಳು ಎಂದು ಹೆಸರು. ಮೇಜಿನ ಮೇಲೆ ನನ್ನ ಹೆಸರಿನ ಒಂದು ಹಾಳೆ.

"ಎಂಥದು ಮಾರಾಯ್ರೇ ಇದು? ಆರು ತಿಂಗಳಿಂದ ನೀವು ಮನೆಗೇ ಹೋಗಲಿಲ್ಲ! ಹೆಂಡತಿ ಏನೂ ಹೇಳುವುದಿಲ್ವಾ?"

"ಇವತ್ತು ಮುಂಜಾನೆ ಮನ್ಯಾಗ ರೊಟ್ಟಿ ತಿಂದು ಬಂದೀನ್ರಿ ಸರ."

ಅವರು ಅದನ್ನು ತಮಾಷೆ ಎಂದುಕೊಂಡು ಹಾಳೆ ನನ್ನ ಕಡೆ ತಿರುಗಿಸಿದರು. ‘ಊರು’ ಎಂಬಲ್ಲಿ ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯ ಹೆಸರು ಇತ್ತು.

ಆಗ ನೆನಪಾಯಿತು. ಪೆಟ್ಟಿಗೆ ಕೂಡಿಸಲು ಬಂದ ಮೆಕ್ಯಾನಿಕ್, "ಊರು ಯಾವುದು?" ಎಂದು ಕೇಳಿದ್ದ. ಊರು ಯಾವುದು ಎಂದರೆ ನೀವಾದರೂ ಏನು ಹೇಳುತ್ತಿದ್ದಿರಿ? ಹುಟ್ಟಿದ ಊರನ್ನೇ ಹೇಳಿದೆ. ಹೊಟ್ಟೆಪಾಡಿಗೆ ಇರುವ ಜಾಗವನ್ನು ಯಾರಾದರೂ ಊರು ಎನ್ನುತ್ತಾರೆಯೇ? ಅವನು ಅದನ್ನೇ ಒತ್ತಿ ಹೋಗಿದ್ದ.

ನಾನು ನಗುವುದರೊಳಗೆ ಪ್ರಭುಗಳು ಮುಂದುವರಿದರು. ಪಾಪ ಈ ಮನುಷ್ಯನಿಗೆ ಮನೆ ದೂರ ಆಗಿದೆ ಎಂದು ಅವರು ಮರುಗಿ, ಸೊಲ್ಲಾಪುರದ ಶಾಖೆಗೆ ನನ್ನ ವರ್ಗಾವಣೆ ಮಾತಾಡಿ ಮುಗಿಸಿದ್ದರು. ಅಲ್ಲಿಂದ ನಮ್ಮ ಹಳ್ಳಿ ಕೂಗಿದರೆ ಕೇಳುವಷ್ಟು ಹತ್ತಿರ. ಸಂಬಳ ಅಷ್ಟೇ, ಕೆಲಸ ಅದೇ. ತಪ್ಪಾಗಿದೆ ಸರ, ನನ್ನ ಮನೆ ಬಣಕಲ್ಲಿನಲ್ಲಿದೆ ಎಂದು ಹೇಳಲು ಒಂದು ಗಳಿಗೆ ಸಾಕಿತ್ತು. ಹೇಳಲಿಲ್ಲ. ಹನ್ನೆರಡು ವರ್ಷ ಬಯಸಿದ್ದು ತಾನಾಗಿ ಮೇಜಿನ ಮೇಲೆ ಬಂದು ಕೂತಿತ್ತು.

"ಶನಿವಾರದ ಒಳಗೆ ಹೇಳಿ. ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು ಉಂಟು," ಎಂದರು ಪ್ರಭುಗಳು. ಅಷ್ಟೇ ಅಲ್ಲ, ಸೊಲ್ಲಾಪುರಕ್ಕೆ ಹೋಗಬೇಕಿದ್ದ ಕಾಳುಮೆಣಸಿನ ಲೋಡನ್ನು ನನಗೇ ಕೊಟ್ಟು, ಹಾಗೇ ಮನೆಯಲ್ಲಿ ಎರಡು ದಿನ ಇದ್ದು ಬನ್ನಿ ಎಂದರು.

ಶಾಂತವ್ವ ಕುಣಿಯುತ್ತಾಳೆ ಎಂದುಕೊಂಡು ಮನೆಗೆ ಬಂದೆ. ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಅಂವ ಊರು ಕೇಳಿದರ ಹಂಗ್ಯಾಕ ಹೇಳಿದ್ರಿ?"

"ಮತ್ತ ಏನ ಹೇಳಬೇಕಿತ್ತು? ನಿನ್ನ ಕೇಳಿದ್ದರ ನೀ ಏನ ಹೇಳ್ತಿದ್ದಿ?"

ಅವಳು ಬಡಿದ ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು. ಹಿಂದಿನ ಬಾಗಿಲಿನಿಂದ ಸರೋಜಕ್ಕ, "ಶಾಂತಾ, ಎಂಥ ಅಡುಗೆ?" ಎಂದು ಕೂಗಿದರು. "ಬರ್ರಿ ಅಕ್ಕಾ, ಬಿಸಿ ರೊಟ್ಟಿ ಉಂಟು!" ಎಂದಳು ನನ್ನಾಕೆ. ‘ಐತಿ’ ಬಿಟ್ಟು ‘ಉಂಟು’ ಎಂದದ್ದು ಅವಳಿಗೇ ಕೇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನಗೆ ಹೇಳಿದಳು, "ನೀವ ಹೋಗಿ ಅತ್ತೀನ್ನ ಕೇಳ್ಕೊಂಡು ಬರ್ರಿ. ಅವರು ಬಾ ಅಂದರ ನಾ ಒಲ್ಲೆ ಅನ್ನೂದಿಲ್ಲ."

ಸೊಲ್ಲಾಪುರದಲ್ಲಿ ಮೆಣಸು ಇಳಿಸಿ, ಖಾಲಿ ಲಾರಿ ತೆಗೆದುಕೊಂಡು ಸಂಜೆ ಹೊತ್ತಿಗೆ ಹಳ್ಳಿ ಮುಟ್ಟಿದೆ. ಅಣ್ಣನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಎಂಜಿನ್ ಬಂದ್ ಮಾಡಿದೆ. ರೈಟರು ಒಮ್ಮೆ ಟಿಕ್ ಎಂದರು, ಹಸಿರು ದೀಪ ಹತ್ತಿತು. ಆರು ತಿಂಗಳಲ್ಲಿ ಮೊದಲ ಸಲ! ಬಲ್ಬ್ ಸರಿಯಾಗಿಯೇ ಇತ್ತು. ಸೀಟಿನಿಂದ ಇಳಿಯದೆ ದೀಪ ನೋಡುತ್ತ ಕೂತೆ. ಒಂದು ಯಂತ್ರ ಅಷ್ಟು ದೂರದಿಂದ ನನ್ನ ಊರನ್ನು ನೆನಪಿಟ್ಟುಕೊಂಡು ಬಂದಿತ್ತಲ್ಲ ಎಂದು ಅಳು ಬಂತು.

ಅಣ್ಣನ ಮನೆ ತುಂಬಿದ ಮನೆ. ಅವ್ವ ಅಲ್ಲಿ ಸೊಸೆ, ಮೊಮ್ಮಕ್ಕಳ ನಡುವೆ ಗಟ್ಟಿಯಾಗಿ, ಗದ್ದಲ ಮಾಡಿಕೊಂಡು ಇದ್ದಾಳೆ. ಕಟ್ಟೆಗೆ ಬಂದು ಕೂತು ಲಾರಿಯ ಕಡೆ ನೋಡಿದಳು.

"ಅದೇನೋ ಹಸರ ದೀಪ?"

"ಊರಿಗಿ ಬಂದರ ಹತ್ತತೈತಿ ಅವ್ವಾ."

"ಭಾರಿ ಶಾಣ್ಯಾ ಐತಲ್ಲೋ!" ಎಂದು ನಕ್ಕಳು. ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಎರಡು ದಿನವೂ ಸಂಜೆ ಅದೇ ಕೆಲಸ ಅವಳಿಗೆ.

ವರ್ಗಾವಣೆಯ ಮಾತನ್ನು ಹೇಗೆ ತೆಗೆಯಲಿ ಎಂದು ಎರಡು ದಿನ ಒದ್ದಾಡಿದೆ. ಅನ್ನ ಉಣ್ಣುವಾಗ ನಾನು "ಸಾರು ಉಂಟಾ?" ಎಂದೆನಂತೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನದ ಬಿಸಿಲಿಗೆ ತಲೆ ಸಿಡಿದು ಒಳಗೆ ಮಲಗಿದೆ. ಇಲ್ಲಿ ಹುಟ್ಟಿದವನಿಗೆ ಬಿಸಿಲು ಬಡಿಯಿತಂತೆ ಎಂದು ಅದಕ್ಕೂ ನಕ್ಕರು. ಎರಡನೆಯ ಸಂಜೆ ಅವ್ವ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟುತ್ತ, ತಲೆ ಎತ್ತದೆ, ಬಹಳ ಸಹಜವಾಗಿ ಕೇಳಿದಳು.

"ನಾಳೆ ಎಷ್ಟಕ್ಕ ಹೊಂಟಿ ನಿಮ್ಮೂರಿಗಿ?"

ನಿಮ್ಮೂರಿಗೆ. ಅವ್ವನ ಬಾಯಿಂದ. ಹೊರಗೆ ಬೇವಿನ ಮರದ ಕೆಳಗೆ ಹಸಿರು ದೀಪ ಉರಿಯುತ್ತಲೇ ಇತ್ತು.

"ಮುಂಜಾನೆ ಏಳಕ್ಕ," ಎಂದೆ. ವರ್ಗಾವಣೆಯ ಮಾತು ಬಾಯೊಳಗೇ ಉಳಿಯಿತು. ಯಾಕೆ ಎಂದು ನನ್ನನ್ನು ಕೇಳಬೇಡಿ. ಅವಳು ನನ್ನನ್ನು ದೂರ ಮಾಡಿ ಹೇಳಿದ ಮಾತಲ್ಲ ಅದು. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿ ಹೇಳುವ ಹಾಗೆ, ಅಲ್ಲಿ ನನಗೊಂದು ಬಾಳು ಇದೆ ಎಂದು ತಿಳಿದು ಹೇಳಿದ ಮಾತು. ನಾನು ಅದನ್ನು ಅವಳಿಗಿಂತ ತಡವಾಗಿ ತಿಳಿದೆ.

ಶನಿವಾರ ಪ್ರಭುಗಳಿಗೆ, ನನ್ನ ಮನೆ ಬಣಕಲ್ಲಿನಲ್ಲೇ ಇದೆ, ವರ್ಗಾವಣೆ ಬೇಡ ಎಂದು ಹೇಳಿದೆ. ಅವರು ಹಣೆ ಚಚ್ಚಿಕೊಂಡು ನಕ್ಕರು. ಅದೇ ಮೆಕ್ಯಾನಿಕ್ ಬಂದು ಪೆಟ್ಟಿಗೆ ಬಿಚ್ಚಿ ಮತ್ತೆ ಕೇಳಿದ, "ಊರು?" ನಾನು "ಬಣಕಲ್," ಎಂದೆ. ಸುಳ್ಳು ಹೇಳಿದ ಹಾಗೂ ಆಯಿತು, ನಿಜ ಹೇಳಿದ ಹಾಗೂ ಆಯಿತು. ಎರಡೂ ಊರು ಬರೆಯಲು ಬರುತ್ತದೆಯೇ ಎಂದು ಕೇಳಿದೆ. ಒಂದಕ್ಕೇ ಜಾಗ ಇರುವುದು ಎಂದ.

ಆ ಸಂಜೆ ಬಣಕಲ್ಲಿನ ರಸ್ತೆ ಬದಿಯಲ್ಲಿ ನನ್ನ ಲಾರಿಯ ದೀಪವೂ ಹತ್ತಿತು. ಶಾಂತವ್ವ ಮಳೆಯಲ್ಲೇ ಕೊಡೆ ಹಿಡಿದು ನೋಡಲು ಬಂದಳು. ಲೋಕಣ್ಣ ಹೋಟೆಲಿನಿಂದ ಕೂಗಿದರು, "ಏ ಮಾರಾಯ, ಊರಿಂದ ಯಾವಾಗ ಬಂದೆ? ಊರಲ್ಲಿ ಎಲ್ಲ ಆರಾಮಾ?" ಅವರ ಮಟ್ಟಿಗೆ ನನ್ನ ಊರು ಇಂದಿಗೂ ಹುಟ್ಟಿದ ಹಳ್ಳಿಯೇ.

ಮರುವರ್ಷ ಇನ್ನೊಂದು ಲೋಡ್ ಹಿಡಿದು ಹೋದಾಗ ಅದೇ ಬೇವಿನ ಮರದ ಕೆಳಗೆ ಲಾರಿ ನಿಲ್ಲಿಸಿದೆ. ಸಂಜೆ ಅವ್ವ ನೆರೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಕಟ್ಟೆಗೆ ಬಂದು ಕೂತಳು. ಕತ್ತಲಾಗುವವರೆಗೂ ಕಾದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಯಾಕೋ, ದೀಪ ಹತ್ತವಲ್ದಲ್ಲ? ಬಲ್ಬ್ ಹೋಗೇತೇನು?"

"ಹೂಂ ಅವ್ವಾ," ಎಂದೆ, "ಬಲ್ಬ್ ಹೋಗೇತಿ."