ಎಮ್ಮೆಗೆ ಹೇಳಿದ ಸುದ್ದಿ

ಆ ವರ್ಷ ಮದುವೆ ಬಂದ್, ಮುಂಜಿ ಬಂದ್, ಲೀಡರುಗಳ ಭಾಷಣ ಕೂಡ ಬಂದ್. ಮೈಕಿನ ಮೇಲೆ ಹೊಟ್ಟೆ ಹೊರೆಯುವವನ ಗತಿ ಏನಾಗಬೇಕು? ಶಹಾಬಾದಿನಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ. ಮನೆ ಮಾತ್ರ ಭಂಕೂರದ ದಾರಿಯಲ್ಲಿರುವ ಸಣ್ಣ ಊರಿನಲ್ಲಿ. ಎರಡು ಭೋಂಗಾ ಸ್ಪೀಕರು, ಒಂದು ಆಂಪ್ಲಿಫೈಯರ್, ಸುತ್ತಿಟ್ಟ ವಾಯರು ಎಲ್ಲ ಮೂಲೆಗೆ ಬಿದ್ದು ಧೂಳು ತಿನ್ನುತ್ತಿದ್ದವು. ಹಾಗಾಗಿ ಪಂಚಾಯಿತಿಯ ಪಿಡಿಓ ಸಾಹೇಬರು ನನ್ನನ್ನು ಕರೆಸಿ, ಆಟೋದ ತಲೆಗೆ ಭೋಂಗಾ ಕಟ್ಟಿಕೊಂಡು ದಿನಾ ಊರಿಗೆ ರೋಗದ ಸುದ್ದಿ ಹೇಳಬೇಕು ಅಂದಾಗ ನಾನು ಎರಡನೇ ಮಾತು ಆಡಲಿಲ್ಲ.

ಸುದ್ದಿ ತಾಲೂಕಿನಿಂದ ಕಾಗದದ ಮೇಲೆ ಬರುತ್ತಿತ್ತು. "ಸಾರ್ವಜನಿಕರು ಅನಗತ್ಯವಾಗಿ ಸಂಚರಿಸತಕ್ಕದ್ದಲ್ಲ, ಪರಸ್ಪರ ಅಂತರ ಕಾಯ್ದುಕೊಳ್ಳತಕ್ಕದ್ದು" ಅಂತ. ಒಂದಕ್ಷರ ಆಚೀಚೆ ಆಗಬಾರದು ಎಂದು ಪಿಡಿಓ ಸಾಹೇಬರ ತಾಕೀತು. ನಾನು ಓದಿದೆ. ಕಟ್ಟೆಯ ಮೇಲಿದ್ದ ಮುತ್ಯಾ ಒಬ್ಬ ಕೈ ಅಡ್ಡ ಹಿಡಿದು ಆಟೋ ನಿಲ್ಲಿಸಿ, "ಏನಂದಿ ತಮ್ಮಾ? ಜರಾ ಸಮೀಪ ಬಂದ ಹೇಳು" ಅಂದ. ಅವನಿಗೆ ಹೇಳುವಷ್ಟರಲ್ಲಿ ಇಡೀ ಓಣಿ ಆಟೋದ ಸುತ್ತ ನೆರೆಯಿತು. ದೂರ ದೂರ ನಿಲ್ಲಿರಿ ಎಂಬುದನ್ನು ತಿಳಿದುಕೊಳ್ಳಲು ಒಬ್ಬರ ಹೆಗಲ ಮೇಲೊಬ್ಬರು ಕೈ ಇಟ್ಟುಕೊಂಡು ನಿಂತರು. ಇನ್ನು, ಯಾರನ್ನೂ ಮನೆಯೊಳಗೆ ಕರೆಯಬೇಡಿರಿ ಅಂತ ಕೂಗಿದೆನೋ, ಮನೆಮನೆಯಿಂದಲೂ "ಬಿಸಿಲಾಗ ಎಷ್ಟಂತ ಒದರ್ತೀರಿ, ಬರ್ರಿ, ಕುಂದ್ರಿ, ಚಾ ಕುಡದ ಹೇಳ್ರಿ" ಎಂಬ ಕರೆ. ಬಾಗಿಲ ಮುಂದೆ ನಿಂತು ಮಾತಾಡಿದವನನ್ನು ಹಾಗೇ ಕಳಿಸಿದರೆ ಮನೆತನದ ಮರ್ಯಾದೆ ಏನಾಗಬೇಕು? ನಾನು ದಿನಾ ಹೊಟ್ಟೆ ತುಂಬ ಚಹಾ ಕುಡಿದು ಮನೆಗೆ ಬರುತ್ತಿದ್ದೆ. ಸುದ್ದಿ ಮಾತ್ರ ಯಾರ ಹೊಟ್ಟೆಗೂ ಇಳಿಯಲಿಲ್ಲ.

ಅಷ್ಟರಲ್ಲಿ ಪುಣೆಗೆ ದುಡಿಯಲು ಹೋಗಿ ಬಂದವರೊಬ್ಬರಿಗೆ ರೋಗ ತಗುಲಿದ್ದು ಗೊತ್ತಾಗಿ, ಅವರ ಓಣಿ ಬಂದ್ ಮಾಡಲು ಮೇಲಿನಿಂದ ಹುಕುಂ ಬಂತು. ಬೇರೆ ಕಡೆ ಬಿದಿರು, ತಗಡು ಕಟ್ಟಿದರಂತೆ. ನಮ್ಮದು ಪರಸಿ ಕಲ್ಲಿನ ಸೀಮೆ. ನೆಲಕ್ಕೂ ಪರಸಿ, ಗೋಡೆಗೂ ಪರಸಿ, ಮಾಳಿಗೆಗೂ ಪರಸಿ. ಬಿದಿರು ಹುಡುಕಿಕೊಂಡು ಯಾರು ಅಲೆಯಬೇಕು? ಖಣಿಯಿಂದ ಆಳೆತ್ತರದ ಚಪ್ಪಡಿಗಳನ್ನು ಟ್ರ್ಯಾಕ್ಟರಿನಲ್ಲಿ ತಂದು ಓಣಿಯ ಬಾಯಿಗೆ ಸಾಲಾಗಿ ನಿಲ್ಲಿಸಿದರು. ಕೆಲಸ ಅಂದರೆ ಚೊಕ್ಕ ಆಗಬೇಕು ಎಂದು ಬುಡಕ್ಕೆ ಸಿಮೆಂಟೂ ಹಾಕಿದರು. ರೋಗ ಹೋದ ಮೇಲೆ ಓಣಿಯನ್ನು ತೆರೆಯುವುದು ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆ ಕಲ್ಲಿನ ಒಳಗಡೆ ನನ್ನ ಚಿಗವ್ವ ಸಿಕ್ಕಿಕೊಂಡಳು. ನಮ್ಮವ್ವನ ತಂಗಿ, ಗಂಡ ತೀರಿಕೊಂಡವಳು, ಮಕ್ಕಳಿಲ್ಲದವಳು. ಅವಳ ಸಂಸಾರವೆಂದರೆ ಒಂದು ಎಮ್ಮೆ. ಆ ಎಮ್ಮೆಯ ಕೊಟ್ಟಿಗೆ ಕಲ್ಲಿನ ಹೊರಗಡೆ ಉಳಿಯಿತು. ಇಬ್ಬರ ನಡುವಿನ ದೂರ ಕೂಗಳತೆಗಿಂತ ತುಸುವೇ ಹೆಚ್ಚು, ಆದರೆ ನಡುವೆ ಸರಕಾರ. ಸಂಜೆ ನನ್ನ ಹೆಂಡತಿ ಹಾಲು ಹಿಂಡಲು ಕೂತಳು. ಎಮ್ಮೆ ಒಂದು ಹನಿ ಇಳಿಸಲಿಲ್ಲ. ಅದರ ಕರು ಹುಟ್ಟಿದ ಕೆಲವೇ ದಿನಕ್ಕೆ ಸತ್ತಿತ್ತು. ಆಮೇಲೆ ಅದು ಹಾಲು ಇಳಿಸುತ್ತಿದ್ದದ್ದು ಚಿಗವ್ವನಿಗೊಬ್ಬಳಿಗೇ. ನನ್ನ ಹೆಂಡತಿ ಕೊಟ್ಟಿಗೆಯಲ್ಲಿ ಉಳಿದಿದ್ದ ಚಿಗವ್ವನ ಹಳೆ ಸೀರೆ ಉಟ್ಟು ಕೂತಳು. ಎಮ್ಮೆ ಸೀರೆಯನ್ನು ಮೂಸಿ ನೋಡಿ, ಹೆಂಡತಿಯನ್ನು ನೋಡಿ, ಒದ್ದಿತು. ಹೀಗೇ ನಾಲ್ಕು ದಿನ ಬಿಟ್ಟರೆ ಎಮ್ಮೆ ಬತ್ತಿಹೋಗುತ್ತದೆ. ಎಮ್ಮೆ ಬತ್ತಿದರೆ ಚಿಗವ್ವ ಹೊರಗೆ ಬಂದು ಏನು ತಿನ್ನಬೇಕು ಎಂಬ ಚಿಂತೆ ನನಗೆ ಹತ್ತಿತು.

ಚಿಗವ್ವನಿಗೆ ಫೋನು ಹಚ್ಚಿದೆ. ಅವಳ ಹತ್ತಿರ ಬಟನ್ ಫೋನ್ ಒಂದಿತ್ತು. "ಬೈದೀರೇನೋ ಅದಕ್ಕ?" ಅಂತ ಕೇಳಿದಳು.

"ಇಲ್ಲ ಚಿಗವ್ವ, ಮೈದಡವಿ ಮುದ್ದು ಮಾಡೀವಿ."

"ಮುದ್ದು ಮಾಡಿದ್ರ ಅದಕ್ಕ ಸಂಶೇ ಬರ್ತದ. ನಾ ಬೈಕೋತ ಹಿಂಡ್ತೀನಿ. ಫೋನ್ ಅದರ ಕಿವಿಗೆ ಹಿಡಿ."

ಹಿಡಿದೆ. ಎಮ್ಮೆ ತಲೆ ಕೊಡವಿತು, ಫೋನು ಸೆಗಣಿಗೆ ಬಿತ್ತು. ತೊಳೆದು ಒರೆಸುವಾಗ ನನ್ನ ವೃತ್ತಿಯ ಅಭಿಮಾನ ಜಾಗೃತವಾಯಿತು. ಎರಡು ಭೋಂಗಾ ಮನೆಯಲ್ಲಿಟ್ಟುಕೊಂಡು ನಾನು ಫೋನಿನ ಪೀಚು ದನಿಯಲ್ಲಿ ಎಮ್ಮೆಯೊಡನೆ ವ್ಯವಹಾರ ಮಾಡುವುದೇ? ಆಟೋ ತಂದು ಕೊಟ್ಟಿಗೆಯ ಮುಂದೆ ನಿಲ್ಲಿಸಿ, ಮೈಕಿನ ಬಾಯಿಗೆ ಫೋನು ಹಿಡಿದೆ.

"ಏ ಕರೀ ಮೂಳಿ!" ಎಂದು ಊರ ಮೇಲೆ ಚಿಗವ್ವನ ದನಿ ಎದ್ದಿತು. "ನಿನ್ನ ಮಾರಿ ಸುಡ್ಲಿ! ನಾ ಇಲ್ಲಂದ್ರ ಕಾಲ ಝಾಡಿಸ್ತಿ? ನನ್ನ ಸೊಸಿ ಅಂದ್ರ ನಿನಗ ಹೊರಗಿನಾಕಿ ಆದಳೇನ?"

ಎಮ್ಮೆಯ ಕಿವಿ ನಿಮಿರಿದವು. ಅದು ಭೋಂಗಾ ನೋಡಿತು, ಆಟೋ ನೋಡಿತು, ಉಸ್ಸೆಂದು ಒಂದು ಉಸಿರು ಬಿಟ್ಟು ಹಾಲು ಇಳಿಸಿತು. ಚಿಗವ್ವ ನಿಲ್ಲಿಸಲಿಲ್ಲ. ಕೆಚ್ಚಲು ಖಾಲಿಯಾಗುವ ತನಕ ಬೈಯುವುದು ಅವಳ ಪದ್ಧತಿ. ಎಮ್ಮೆಯನ್ನು ಎಷ್ಟಂತ ಬೈಯುವುದು? ಎಮ್ಮೆಯ ಬೈಗುಳ ಮುಗಿದ ಮೇಲೆ ಅವಳು ದಿನಾ ಊರಿನ ಸುದ್ದಿ ತೆಗೆಯುತ್ತಿದ್ದಳಂತೆ. ಅವತ್ತೂ ತೆಗೆದಳು. ರೇಷನ್ ಅಂಗಡಿಯವನ ತಕ್ಕಡಿ, ಪಕ್ಕದ ಮನೆಯವಳ ಮೋರಿ, ಓಣಿಗೆ ಸಿಮೆಂಟು ಹಾಕಿದ ಶಾಣ್ಯಾ ಯಾರು ಎಂಬ ಪ್ರಶ್ನೆ, ಎಲ್ಲವೂ ಎರಡು ಭೋಂಗಾದಿಂದ ಊರ ತುಂಬ ಹರಡಿದವು. ಸಿಮೆಂಟು ಹಾಕಿಸಿದ ಪಿಡಿಓ ಸಾಹೇಬರು ನನ್ನ ಹಿಂದೆಯೇ ನಿಂತಿದ್ದರು.

ನನ್ನ ಕೆಲಸ ಹೋಯಿತು ಅಂದುಕೊಂಡೆ. ಆದರೆ ಸಾಹೇಬರು ಓಣಿಯ ಉದ್ದಕ್ಕೂ ಕಣ್ಣಾಡಿಸುತ್ತಿದ್ದರು. ತಮ್ಮ ತಮ್ಮ ಹೊಸ್ತಿಲ ಮೇಲೆ ಒಬ್ಬೊಬ್ಬರೇ ನಿಂತು, ಕೆಮ್ಮನ್ನೂ ತಡೆದುಕೊಂಡು ಜನ ಕೇಳುತ್ತಿದ್ದರು. ಒಬ್ಬರೂ ಆಟೋದ ಹತ್ತಿರ ಬಂದಿರಲಿಲ್ಲ. ಬೇರೊಬ್ಬರಿಗೆ ಬೀಳುವ ಬೈಗುಳ ಕೇಳುವಾಗ ಹತ್ತಿರ ನಿಂತರೆ ನಮಗೂ ಬಿದ್ದೀತು ಎಂಬ ಭಯ ಯಾರಿಗಿರುವುದಿಲ್ಲ?

"ನಾಳಿಂದ ಸುದ್ದಿ ನೀ ಓದಬ್ಯಾಡ," ಅಂದರು ಸಾಹೇಬರು. "ನಿಮ್ಮ ಚಿಗವ್ವಗ ಫೋನ್‌ನ್ಯಾಗ ಹೇಳು. ಆಕಿ ಎಮ್ಮಿಗೆ ಹೇಳ್ಲಿ."

ಹೀಗೆ ನಮ್ಮೂರಲ್ಲಿ ಸರಕಾರದ ತಿಳುವಳಿಕೆ ದಿನಕ್ಕೆರಡು ಸಲ, ಹಾಲು ಹಿಂಡುವ ಹೊತ್ತಿಗೆ, ಎಮ್ಮೆಯ ಮೂಲಕ ಪ್ರಸಾರವಾಗತೊಡಗಿತು. "ಮಾರಿಗೆ ಬಟ್ಟಿ ಕಟ್ಕೋ ಅಂದ್ರ ಗದ್ದಕ್ಕ ಕಟ್ಕೊಂಡ ತಿರಗ್ತಿ? ಮೂಗೇನು ಬಾಡಿಗಿಗೆ ಕೊಟ್ಟೀಯೇನ ಮೂಳಿ?" ಮರುದಿನ ಇಡೀ ಊರಿನ ಮೂಗು ಮಾಯವಾದವು. "ರೇಷನ್ ಬಂದದ. ಕೊಂಬ ಹಚ್ಚಿ ನೂಕ್ಯಾಡಬ್ಯಾಡ, ಒಬ್ಬರ ಹಿಂದ ಒಬ್ಬರ ಹೋಗು." ಕಟ್ಟೆಯ ಮುತ್ಯಾ ಕೂಡ ಸಾಲಿನಲ್ಲಿ ನಿಂತ. ತಮಗೆ ಹೇಳಿದ್ದರೆ ಜಗಳಕ್ಕೆ ಬರುತ್ತಿದ್ದ ಮಂದಿ, ಎಮ್ಮೆಗೆ ಹೇಳಿದ್ದಲ್ಲವೇ ಎಂದು ಸುಮ್ಮನೆ ಪಾಲಿಸಿದರು.

ಸುಮ್ಮನೆ ಅಂದೆನಲ್ಲ, ಅದು ಪೂರ್ತಿ ಖರೆಯಲ್ಲ. ಯಾವ ಬೈಗುಳ ಯಾರಿಗೆ ಎಂಬ ಬಗ್ಗೆ ಊರಲ್ಲಿ ವಾದ ಎದ್ದವು. ಗದ್ದಕ್ಕೆ ಬಟ್ಟೆ ಕಟ್ಟಿದ್ದು ನಾನೇ, ಆ ಮಾತು ನನ್ನದೇ ಎಂದು ಇಬ್ಬರು ಫೋನಿನಲ್ಲೇ ಜಗಳಾಡಿದರು. ಪಂಚಾಯಿತಿಯ ಹಿರಿಯ ಮೆಂಬರೊಬ್ಬರು ಪಿಡಿಓ ಸಾಹೇಬರಿಗೆ ತಕರಾರು ಕೊಟ್ಟರು: "ದಿನಾ ಮ್ಯಾಲಿನ ಓಣಿಯವರಿಗೇ ಬೈತಾಳ. ನಮ್ಮ ಓಣಿ ಊರಾಗ ಇಲ್ಲೇನ್ರಿ? ನಾವೇನ್ ವೋಟ್ ಹಾಕಿಲ್ಲೇನು?" ಸಾಹೇಬರ ಸೂಚನೆಯಂತೆ ಚಿಗವ್ವ ಸಂಜೆ ಕೆಳಗಿನ ಓಣಿಗೂ ಪಾಲು ಹಂಚಿದಳು. ತಾಲೂಕಿನಿಂದ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ನಮ್ಮೂರಿನ ಶಿಸ್ತು ನೋಡಿ ಮೆಚ್ಚಿ, ಇಲ್ಲಿ ಜನರಿಗೆ ತಿಳುವಳಿಕೆ ಕೊಟ್ಟವರನ್ನು ನೋಡಬೇಕು ಅಂದರು. ಪಿಡಿಓ ಸಾಹೇಬರು ಕೊಟ್ಟಿಗೆಯತ್ತ ಕೈ ತೋರಿಸಿದರು. ಅಧಿಕಾರಿಗಳು ಎಮ್ಮೆಯ ಮುಂದೆ ನಿಂತು, ಮುಖದ ಬಟ್ಟೆಯನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡು ಜೀಪು ಹತ್ತಿದರು.

ಆಮೇಲೆ ಒಂದು ಮುಂಜಾನೆ ಚಿಗವ್ವನ ದನಿ ಒಡೆದಿತ್ತು. "ಏ ಮೂಳಿ" ಅಂದವಳು ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಭೋಂಗಾ ಆ ಕೆಮ್ಮನ್ನು ಊರ ತುಂಬ ಹಂಚಿತು. ಹೊಸ್ತಿಲ ಮೇಲಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಕದ ಹಾಕಿಕೊಂಡರು. ನಾನು ಮೈಕ್ ಆಫ್ ಮಾಡಿದೆ.

ಮಧ್ಯಾಹ್ನ ಆಂಬುಲೆನ್ಸ್ ಬಂತು. ಮೈತುಂಬ ಪ್ಲಾಸ್ಟಿಕ್ ಹಾಕಿಕೊಂಡವರು ಸ್ಟ್ರೆಚರ್ ಹಿಡಿದು ಕಲ್ಲಿನ ಮುಂದೆ ನಿಂತರು. ಕಲ್ಲಿನ ಮೇಲಿಂದ ರೇಷನ್ ಚೀಲ ದಾಟಿಸಬಹುದಿತ್ತು, ಸ್ಟ್ರೆಚರ್ ದಾಟಿಸಲು ದಾರಿಯಿಲ್ಲ. ಸಿಮೆಂಟು ಗಟ್ಟಿಯಾಗಿತ್ತು, ಚೊಕ್ಕ ಕೆಲಸ. ಖಣಿಯವರನ್ನು ಕರೆಸಿ, ಹಾರೆ ಹಾಕಿ ಮೀಟಿ ಒಂದು ಚಪ್ಪಡಿ ಕೀಳುವಷ್ಟರಲ್ಲಿ ಬಿಸಿಲು ಇಳಿಯಿತು. ಚಿಗವ್ವ ಅಷ್ಟು ಹೊತ್ತೂ ಕಲ್ಲಿನ ಆ ಬದಿ ನೆಲದ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಆ ಸಿಮೆಂಟಿನ ಮೇಲೆ, ಪಿಡಿಓ ಮೇಲೆ, ಕಾಗದ ಕಳಿಸಿದ ತಾಲೂಕಿನ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಹಾರೆ ಕಸಿದುಕೊಂಡು ನಾನೇ ಕಲ್ಲನ್ನು ಹೊಡೆದೆ. ಕಲ್ಲಿಗೆ ಏನೂ ಆಗಲಿಲ್ಲ, ನನ್ನ ಕೈ ಬಾತಿತು. ಅವಳನ್ನು ಗಾಡಿಗೆ ಏರಿಸುವಾಗ ಎಮ್ಮೆ ಒಂದೇ ಸಮನೆ ಒದರುತ್ತಿತ್ತು.

ಮತ್ತೆ ಎಮ್ಮೆ ಹಾಲು ಬಿಗಿಹಿಡಿಯಿತು. ಊರಿನವರು ಕೈಬಿಡಲಿಲ್ಲ. ಒಬ್ಬೊಬ್ಬ ಹೆಂಗಸೂ ತನ್ನ ಬಾಗಿಲಿಂದ ನನಗೆ ಫೋನು ಮಾಡಿ, ಚಿಗವ್ವನ ದನಿ ತೆಗೆದು ಎಮ್ಮೆಗೆ ಬೈದಳು. ಕೆಲವರು ಅವಕಾಶ ಸಿಕ್ಕಿತೆಂದು ಅತ್ತೆಯನ್ನೂ ಸೇರಿಸಿ ಬೈದರು. ಪಿಡಿಓ ಸಾಹೇಬರೂ ಒಮ್ಮೆ ಪ್ರಯತ್ನಿಸಿದರು, ಆದರೆ ಅವರ ಬಾಯಲ್ಲಿ "ಹಾಲು ತಡೆಹಿಡಿಯತಕ್ಕದ್ದಲ್ಲ" ಎಂಬುದರಾಚೆ ಏನೂ ಬರಲಿಲ್ಲ. ಎಮ್ಮೆ ಮೆಲುಕು ಹಾಕುತ್ತ ಎಲ್ಲರದೂ ಕೇಳಿಸಿಕೊಂಡಿತು. ಹೆಂಡತಿಗೆ ಸಿಕ್ಕದ್ದು ಒಂದು ಬಟ್ಟಲು ಹಾಲು.

ಆಗ ಚಿಗವ್ವನನ್ನು ಒಯ್ದಿದ್ದ ಕಲಬುರಗಿಯ ದವಾಖಾನೆಯಿಂದ ಸಿಸ್ಟರ್ ಒಬ್ಬರ ಫೋನು ಬಂತು. ಚಿಂಚೋಳಿ ಕಡೆಯ ಹೆಣ್ಣುಮಗಳು, ಬಲು ಮರ್ಯಾದಸ್ಥೆ. "ಆಯಿ ಮಾರಿಗೆ ಆಕ್ಸಿಜನ್ ಹಚ್ಚೀವ್ರಿ, ಮಾತಾಡ್ಲಿಕ್ಕ ಆಗಲ್ರಿ. ಕೈ ಸನ್ನಿ ಮಾಡಿ ಎಮ್ಮಿ ಎಮ್ಮಿ ಅಂತಾರ್ರಿ. ಆಯಿ ಬದಲಿಗೆ ನಾ ಬೈಬೇಕಂತ್ರಿ." ನಾನು ಕೊಟ್ಟಿಗೆಗೆ ಓಡಿ ಮೈಕ್ ಹಚ್ಚಿದೆ. ಭೋಂಗಾದಲ್ಲಿ ಸಿಸ್ಟರ್ ದನಿ ಬಂತು: "ನಮಸ್ಕಾರ್ರಿ. ಜರಾ ಹಾಲ್ ಕೊಡ್ರಿ. ಆಯಿಗೆ ಭಾಳ ಚಿಂತಿ ಆಗ್ಯಾದ್ರಿ." ಎಮ್ಮೆಗೆ ಹುಟ್ಟಿದಾರಭ್ಯ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಅದು ಮೆಲುಕು ಹಾಕುವುದನ್ನೂ ನಿಲ್ಲಿಸಿತು, ಆದರೆ ಹಾಲು ಇಳಿಸಲಿಲ್ಲ.

ಆಮೇಲೆ ಗರ ಗರ ಎಂಬ ಸಪ್ಪಳ ಬಂತು. ವಾಯರು ಸಡಿಲಾಗಿದೆ ಎಂದು ನಾನು ಪಿನ್ನು ಅಲುಗಾಡಿಸಿದೆ. ವಾಯರು ಸರಿಯಾಗಿತ್ತು. ಸಿಸ್ಟರ್ ಫೋನನ್ನು ಚಿಗವ್ವನ ಬಾಯಿಯ ಹತ್ತಿರ ಹಿಡಿದಿದ್ದರು, ಅದು ಅವಳ ಉಸಿರು. ಊರಿನ ಕದಗಳು ತೆರೆದವು. ಒಂದು ಉಸಿರು ಹೋಗಿ ಇನ್ನೊಂದು ಬರುವ ತನಕ ನಾವೆಲ್ಲ ನಮ್ಮದನ್ನು ಹಿಡಿದುಕೊಂಡಿದ್ದೆವು. "ಇಳಿಸ್ತು, ಇಳಿಸ್ತು!" ಎಂದು ಎಮ್ಮೆಯ ಕೆಳಗಿನಿಂದ ಹೆಂಡತಿ ಕೂಗಿದಳು. ನಾನು ಫೋನನ್ನು ಮೈಕಿನಿಂದ ತೆಗೆದು ತಂಬಿಗೆಯ ಹತ್ತಿರ ಹಿಡಿದೆ. ಚರ್ ಚರ್ ಎಂದು ಹಾಲು ಬೀಳುತ್ತಿತ್ತು.

"ಏನ್ರಿ ಅದು ಸಪ್ಪಳ?" ಅಂದರು ಸಿಸ್ಟರ್. "ಆಯಿ ಕಣ್ಣ ತಗದಾರ್ರಿ. ಬೆರಳಿನ ಆಕ್ಸಿಜನ್ ಮಶೀನ್ಯಾಗ ನಂಬರ್ ಏರ್ಲಿಕತ್ತದ್ರಿ. ಹಿಂಡ್ರಿ, ಹಿಂಡ್ರಿ, ನಿಲ್ಲಸಬ್ಯಾಡ್ರಿ!"

ಅಲ್ಲಿಂದ ಸಿಸ್ಟರ್ ನನ್ನ ಬೆನ್ನು ಬಿಡಲಿಲ್ಲ. ಚಿಗವ್ವನ ನಂಬರ್ ಇಳಿದಾಗಲೆಲ್ಲ ಫೋನು. "ಒಂದೀಟ ಹಿಂಡ್ರಿ ಅಣ್ಣಾರ." ಮುಂಜಾನೆ ಸಂಜೆ ಸರಿ, ನಡುಮಧ್ಯಾಹ್ನ ಎಮ್ಮೆ ಎಲ್ಲಿಂದ ಹಾಲು ತರಬೇಕು? ಅದಕ್ಕೇನು ನಲ್ಲಿ ಕೂಡಿಸಿದೆಯೇ? ಸಿಸ್ಟರಿಗೆ ಇದನ್ನು ಬಿಡಿಸಿ ಹೇಳಿದೆ. ಅವರು, "ಆಯಿಗೆ ಇವತ್ತ ಭಾಳ ತ್ರಾಸ ಆಗ್ಯಾದ್ರಿ" ಅಂದರು. ಫೋನು ಮಾತ್ರ ಇಡಲಿಲ್ಲ.

ನನಗೆ ಮತ್ತೇನೂ ತೋಚಲಿಲ್ಲ. ಕೈಗೆ ಹೊಡೆದುಕೊಳ್ಳಲೆಂದು ಪಂಚಾಯಿತಿಯವರು ಕೊಟ್ಟಿದ್ದ ಔಷಧದ ಪಿಚಕಾರಿ ಬಾಟಲಿ ಆಟೋದಲ್ಲಿತ್ತು. ಅದನ್ನು ತೊಳೆದು ನೀರು ತುಂಬಿಕೊಂಡು, ಎಮ್ಮೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ತಂಬಿಗೆಯೊಳಗೆ ಚರ್ ಚರ್ ಎಂದು ನೀರು ಹೊಡೆದೆ. ಎಮ್ಮೆ ಬಗ್ಗಿ ನನ್ನನ್ನು ನೋಡಿತು. ಚಿಗವ್ವನ ಉಸಿರು ಕೇಳಬೇಕೆಂದು ಊರಿನವರು ಹಟ ಹಿಡಿದಿದ್ದರಿಂದ ಮೈಕ್ ಹಚ್ಚಿಯೇ ಇತ್ತು, ಫೋನು ಅದರ ಪಕ್ಕದಲ್ಲೇ ಇತ್ತು. ನನ್ನ ಚರ್ ಚರ್ ಸಪ್ಪಳ, ಅವಳ ಗರ ಗರ ಉಸಿರು ಎರಡೂ ಭೋಂಗಾದಿಂದ ಬರುತ್ತಿದ್ದವು. ಹೊಸ್ತಿಲ ಮೇಲೆ ಇಡೀ ಊರು ನಿಂತಿತ್ತು. ಬೆರಳು ಸೋತು ಬಂದರೂ ನಾನು ಬಿಡಲಿಲ್ಲ.

ಉಸಿರಿನ ಸಪ್ಪಳ ನಿಂತಿತು.

ನನ್ನ ಕೈ ನಿಂತಿತು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಆಯಿ, ಮಾಸ್ಕ್ ತಗೀಬ್ಯಾಡ್ರಿ, ಆಯಿ!" ಎಂದು ಸಿಸ್ಟರ್ ಕೂಗುವುದು ಕೇಳಿಸಿತು.

"ಏ ಭಾಡ್ಯಾ," ಎಂದಿತು ಭೋಂಗಾ, ಹರಿದ ದನಿಯಲ್ಲಿ. "ನೊರಿ ಸಪ್ಪಳ ಎಲ್ಲಿ ಅದನೋ? ನನ್ನ ಹಾಲಿಗೆ ನೀರ ಹಾಕ್ಲಿಕತ್ತೀ?"

ನಾನು ಎಮ್ಮೆಯ ಕಾಲು ಹಿಡಿದುಕೊಂಡು ಅತ್ತೆ. ಯಾರು ನೋಡುತ್ತಾರೆ ಎಂಬ ಖಬರಿಲ್ಲದೆ ಅತ್ತೆ. ಆಮೇಲೆ ಮೈಕಿನ ಹತ್ತಿರ ಬಾಯಿ ಒಯ್ದು ಹೇಳಿದೆ:

"ಹೌದ ಚಿಗವ್ವ, ನೀರ ಹಾಕೀನಿ. ಇನ್ನೊಂದೀಟ ಬೈಯಿ."