ಸಣ್ಣ ದನಿ ನುಂಗುವ ವೈರು

ಅವರ ಎಡಗೈ ಬೆರಳುಗಳ ತುದಿಯಲ್ಲಿ ಬೆಸುಗೆಯ ಕಾವು ತಾಗಿ ಸುಟ್ಟ ಕಂದು ಚುಕ್ಕೆಗಳಿದ್ದವು. ಆ ಬೆರಳುಗಳು ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ. ಚಹಾ ಕುಡಿಯುವಾಗಲೂ ಯಾವುದೋ ವೈರಿನ ತುದಿಯನ್ನು ಹೊಸೆಯುತ್ತಿದ್ದವು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ನಾನು ವಚನ ಹಾಡಲು ಹೋದಲ್ಲೆಲ್ಲ ಮೈಕಿನ ಹೊಣೆ ಘೋಡಗೇರಿಯ ಈ ಕಾಕಾನದು. ನಾನೂ ಹಾಡಿಗೆ ಮುಂಚೆ ಕೂತಲ್ಲಿ ಕೂರಲಾರದವಳು. "ಇಬ್ಬರೂ ಒಂದ ಗಾಡಿಗೆ ಹೂಡೂ ಜೋಡಿ ಅದೀರಿ ನೋಡ್ರಿ" ಎಂದು ನಮ್ಮ ತಬಲಾದವರು ನಗುತ್ತಿದ್ದರು.

ವೈರಿನ ವಿಷಯದಲ್ಲಿ ಕಾಕಾನದು ಭಾರೀ ಮಡಿ. ಮೈಕಿನ ವೈರಿನ ಪಕ್ಕ ಕರೆಂಟಿನ ವೈರು ಎಳೆದ ಪೆಂಡಾಲಿನವರ ಜನ್ಮ ಜಾಲಾಡುತ್ತಿದ್ದರು. "ಬಾಜೂಕ ಮಲಗಿಸಿದ್ರ ಗುಂಯ್ ಅಂತೈತಿ. ದಾಟಬೇಕಂದ್ರ ಅಡ್ಡ ದಾಟಸ್ರಿ!" ಒಳಗಿನ ತಾಮ್ರದ ಎಳೆಯನ್ನು ಕಾಯುವ ತಂತಿಯ ಜಾಳಿಗೆ ಒಂದು ಕಡೆ ಹರಿದಿದ್ದರೂ ಇಡೀ ವೈರು ಮೂಲೆಗೆ. ಉದ್ದ ವೈರೆಂದರಂತೂ ಅವರಿಗೆ ಆಗದು.

"ಉದ್ದ ಆದಷ್ಟೂ ಸಣ್ಣ ದನಿ ನುಂಗ್ತೈತಿ ಮಗಳ. ದಪ್ಪ ದನಿ ಹೆಂಗಾರ ಬಂದು ಮುಟ್ಟತೈತಿ. ನೀ ಹಾಡಿದ ಸಕಾರ, ಶಕಾರ ದಾರ್‍ಯಾಗ ಸತ್ತಹೊಕ್ಕಾವು."

ಕೊನೆಕೊನೆಗೆ ಈ ಚಡಪಡಿಕೆ ಅತಿಯಾಯಿತು. ಎಲ್ಲಿ ಹೋದರೂ ದನಿ ಮಬ್ಬು ಎನ್ನುವರು. ವೈರು ಬದಲಿಸಿದರು, ಗಿಡ್ಡ ಮಾಡಿದರು, ಮಿಕ್ಸರ್ ಇಟ್ಟ ಮೇಜನ್ನೇ ವೇದಿಕೆಯ ಬುಡಕ್ಕೆ ಎಳೆತಂದರು. ಸಾಲದ್ದಕ್ಕೆ ಸಣ್ಣ ದನಿ ಏರಿಸುವ ಗುಂಡಿಯನ್ನು ತಿರುವಿಯೇ ತಿರುವಿದರು. ಬೆಲ್ಲದ ಬಾಗೇವಾಡಿಯಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬಳು ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ನನ್ನ ದನಿ ನನಗೇ ತಗಡು ಕೆರೆದಂತೆ ಕೇಳುತ್ತಿತ್ತು. ಸಂಘಟಕರು ನನ್ನನ್ನು ಬದಿಗೆ ಕರೆದು, "ಮುಂದಿನ ಸಲಾ ಬ್ಯಾರೆ ಮೈಕಿನವರನ್ನ ಹೇಳ್ತೇವ್ರಿ" ಎಂದರು.

ದೋಷ ವೈರಿನದಲ್ಲ, ಕಾಕಾನ ಕಿವಿಯದು ಎಂಬ ಅನುಮಾನ ನನಗೆ ಬಂದಿತ್ತು. ಆದರೆ ಜೀವಮಾನವಿಡೀ ಕಿವಿಯನ್ನೇ ನಂಬಿ ಬದುಕಿದ ಮನುಷ್ಯನಿಗೆ ಅದನ್ನು ಯಾವ ಬಾಯಿಂದ ಹೇಳಲಿ? ಹೇಳದಿದ್ದರೆ ಕೆಲಸ ಹೋಗುತ್ತದೆ, ಹೇಳಿದರೆ ಜೀವವೇ ಹೋದೀತು.

ಕೌಜಲಗಿಯಲ್ಲಿ ಹಾಡು ಶುರುವಾಗುವ ಮೊದಲು ಅವರು ಹೊಸ ವೈರೊಂದನ್ನು ಬೈಯುತ್ತ ಬಿಚ್ಚುತ್ತಿದ್ದರು. ಅವರ ಕೈಗಡಿಯಾರ ಸಣ್ಣ ದನಿಯಲ್ಲಿ ಕೀಂ ಕೀಂ ಎನ್ನತೊಡಗಿತು.

"ಕಾಕಾ, ನಮಾಜಿನ ಹೊತ್ತಾತ್ರಿ," ಎಂದೆ.

"ಇನ್ನೂ ಆಗಿಲ್ಲ ಮಗಳ. ಆದ್ರ ಗಡಿಯಾರ ಹೊಡೀತೈತಿ."

"ಹೊಡ್ಯಾಕತ್ತೈತ್ರಿ."

ಅವರು ಮಣಿಕಟ್ಟು ನೋಡಿಕೊಂಡರು. ಗಡಿಯಾರವನ್ನು ಒಂದು ಕಿವಿಗೆ ಹಚ್ಚಿದರು, ಆಮೇಲೆ ಇನ್ನೊಂದಕ್ಕೆ. ಬೆರಳುಗಳು ಅಲುಗಾಡದೆ ನಿಂತವು. "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ. ಸುಳ್ಳ ವೈರಿಗೆ ಬೈದೆ," ಎಂದು ಎದ್ದು ನಮಾಜಿಗೆ ಹೋದರು. ಇನ್ನು ಇವರು ಮೈಕು ಮುಟ್ಟಲಾರರು ಅಂದುಕೊಂಡೆ. ಅವತ್ತು ನಾನು ಹಾಡಿದ್ದು ನನಗೇ ನೆನಪಿಲ್ಲ.

ಆದರೆ ಹುಕ್ಕೇರಿಯ ಕಾರ್ಯಕ್ರಮಕ್ಕೆ ಅವರು ಬಂದರು. ಜೊತೆಗೆ ಕಾಕು, ಅವರ ಹೆಂಡತಿ. ಆಕೆ ಗಂಡನ ಕೆಲಸದ ಜಾಗಕ್ಕೆ ಹಿಂದೆಂದೂ ಕಾಲಿಟ್ಟವರಲ್ಲ. ಹೆಣ್ಣುಮಕ್ಕಳ ನಡುವೆ ಆಕೆಯನ್ನು ಕೂರಿಸಿ ಕಾಕಾ ಮೇಜಿನ ಹಿಂದೆ ನಿಂತರು. ದನಿ ಚುಚ್ಚಿದರೆ ಕಾಕು ಕೈ ಎತ್ತಬೇಕು, ಸರಿಯಿದ್ದರೆ ಗೋಣು ಹಾಕಬೇಕು. ಕಾಕಾ ಗುಂಡಿಯನ್ನು ಕೂದಲೆಳೆಯಷ್ಟು ತಿರುವುವರು, ಕತ್ತೆತ್ತಿ ಆಕೆಯನ್ನು ನೋಡುವರು. ನನ್ನ ದನಿ ತಿಳಿಯಾಯಿತು. ಬೇರೆ ಮೈಕಿನವರ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಕೊನೆಯವರೆಗೂ ಆ ಜೋಡಿ ಹೀಗೇ ನಡೆಯಿತು.

ಹೋದ ವರ್ಷ ಕಾಕಾ ತೀರಿಕೊಂಡರು. ಘೋಡಗೇರಿಗೆ ಹೋದಾಗ ಬಾಗಿಲಲ್ಲೇ ನಿಂತೆ. ಗಡಿಯಾರದ ಮಾತನ್ನು ಅವತ್ತು ಆಡಬಾರದಿತ್ತೇನೋ ಎಂಬ ಅಳುಕು ಆಗಲೂ ಇತ್ತು. ಕಾಕುವೇ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಲಗ್ನ ಆದಾಗಿಂದ ಮೈಕಿನ ಬೆನ್ನ ಹತ್ತಿ ಓಡಿದ್ರವಾ. ನಿಂತು ನನ್ನ ಮಾರಿ ನೋಡಿದ್ದ ಇಲ್ಲ. ಕಿವಿ ಹೋದ ಮ್ಯಾಲ ನೋಡಾಕ ಹತ್ತಿದ್ರು. ಅಷ್ಟು ಮಂದ್ಯಾಗ ನನ್ನೊಬ್ಬಾಕಿನ್ನ ಹುಡುಕ್ತಿದ್ರು."