ನಮ್ಮ ಯಜಮಾನರ ಸ್ವಂತ ಅಂಗಿ

ನಮ್ಮ ಯಜಮಾನರನ್ನು ಎಲ್ಲರೂ ಮಾಸ್ಟರ್ ಎಂದು ಕರೆಯುತ್ತಾರೆ. ಮೂವತ್ತೊಂದು ವರ್ಷದಿಂದ ಬಟ್ಟೆ ಹೊಲಿಯುವವರನ್ನು ಬೇರೆ ಏನೆಂದು ಕರೆಯುತ್ತಾರೆ? ಮದುವೆಯಾಗಿ ಬಂದ ಮೂರನೇ ತಿಂಗಳಿಂದ ನಾನೂ ಅದೇ ಅಂಗಡಿಯಲ್ಲಿ ಕೂತು ಕಾಜಾ ಮಾಡುತ್ತೇನೆ, ಗುಂಡಿ ಹಚ್ಚುತ್ತೇನೆ, ಅಂಚು ಮಡಿಚಿ ಹೊಲಿಯುತ್ತೇನೆ. ನನ್ನನ್ನು ಯಾರೂ ಮಾಸ್ಟರ್ ಎನ್ನುವುದಿಲ್ಲ, ಆ ಮಾತು ಬೇರೆ. ಅಂಗಡಿಯೆಂದರೆ ಎಂಟಡಿ ಅಗಲ, ಹನ್ನೆರಡಡಿ ಉದ್ದ. ಮುಂದೆ ಬಟ್ಟೆ ಕತ್ತರಿಸುವ ಮೇಜು, ಅದರ ಹಿಂದೆ ಎರಡು ಮಿಷನ್ನು, ಗೋಡೆಗೆ ಒಂದು ನಿಲುವುಗನ್ನಡಿ, ಹಿಂದಿನ ಮೂಲೆಯಲ್ಲಿ ಒಂದು ಕಬ್ಬಿಣದ ಸರಳು. ಆ ಸರಳನ್ನು ಕಂಡರೆ ನನಗಾಗುವುದಿಲ್ಲ.

ಹೊಲಿಯಲು ಕೊಟ್ಟು ಮತ್ತೆ ತಿರುಗಿ ನೋಡದವರ ಅಂಗಿಗಳು ಅದರ ಮೇಲೆ ತೂಗುತ್ತಿರುತ್ತವೆ. ವರ್ಗವಾಗಿ ಹೋದವರು, ಕಾಲರಿನ ವಿಷಯಕ್ಕೆ ಜಗಳವಾಡಿ ಹೋದವರು, ಅಷ್ಟರಲ್ಲಿ ದಪ್ಪಗಾಗಿ ಈ ಕಡೆ ಬರಲು ನಾಚಿಕೊಂಡವರು, ಒಬ್ಬಿಬ್ಬರು ತೀರಿಕೊಂಡವರೂ ಇದ್ದಾರೆ. ಎರಡು ವರ್ಷ ಕಾಯುವುದು, ಆಮೇಲೆ ಇವರೇ ಅದನ್ನು ತೆಗೆದು ಹಾಕಿಕೊಳ್ಳುವುದು. ಹೀಗಾಗಿ ನನ್ನ ಗಂಡ ಸೋಮವಾರ ಬ್ಯಾಂಕ್ ಮ್ಯಾನೇಜರರ ಗೆರೆ ಅಂಗಿಯಲ್ಲಿದ್ದರೆ ಮಂಗಳವಾರ ಯಾರೋ ಪೈಲ್ವಾನನ ಚೌಕುಳಿ ಅಂಗಿಯೊಳಗೆ ಕಳೆದುಹೋಗಿರುತ್ತಾರೆ. ತಮ್ಮ ಅಳತೆಗಾದರೂ ಸರಿ ಮಾಡಿಕೊಳ್ಳಬಾರದೇ? ಊಹೂಂ. "ಒಬ್ಬರ ಅಳತೆಗೆ ಕತ್ತರಿಸಿದ್ದನ್ನ ಇನ್ನೊಬ್ಬರಿಗೆ ಅಂತ ಬಿಚ್ಚಬಾರದು ಕಣೇ" ಎನ್ನುತ್ತಾರೆ. ನಾನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದೊಂದೇ ಬಂತು.

ಇದರಿಂದ ಒಂದು ಸಲ ಆಗಬಾರದ್ದು ಆಗಿಹೋಯಿತು. ನಮ್ಮ ಒಬ್ಬಳೇ ಮಗಳಿಗೆ ಆಗ ಹನ್ನೊಂದು ವರ್ಷ. ಶಾಲೆಯಲ್ಲಿ ತಂದೆತಾಯಿಗಳ ಸಭೆ. ನಾವು ಮೂವರೂ ಎರಡನೇ ಸಾಲಿನಲ್ಲಿ ಕೂತಿದ್ದೆವು. ವರ್ಗವಾಗಿ ಹೋಗಿದ್ದ ಗಣಿತದ ಮೇಷ್ಟ್ರು ಮೂರು ವರ್ಷದ ಮೇಲೆ ಅದೇ ಶಾಲೆಗೆ ವಾಪಸು ಬಂದಿದ್ದರು. ಇವರ ಎದುರಿಗೆ ನಿಂತು ದಿಟ್ಟಿಸಿ ನೋಡಿ, "ಮಾಸ್ಟ್ರೇ, ಈ ಶರ್ಟು ನಂದಲ್ವಾ?" ಎಂದು ನಕ್ಕರು. ಅವರು ತಮಾಷೆಗೆ ಕೇಳಿದ್ದು. ಇವರು ತಮಾಷೆಗೆ ತೆಗೆದುಕೊಳ್ಳಲಿಲ್ಲ. "ಹೌದು ಸಾರ್, ತಪ್ಪಾಯ್ತು" ಎಂದು ಎದ್ದು, ಗುಂಡಿ ಬಿಚ್ಚಿ, ಅಂಗಿ ಕಳಚಿ, ನೀಟಾಗಿ ನಾಲ್ಕು ಮಡಿಕೆ ಮಾಡಿ ಮೇಷ್ಟ್ರ ಕೈಗಿಟ್ಟರು. ಬನಿಯನ್ನಿನಲ್ಲೇ ಮತ್ತೆ ಕೂತರು. ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮಗಳು ನೆಲ ನೋಡುತ್ತ ಕೂತವಳು ಸಭೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಆವತ್ತಿನಿಂದ ಅವಳು ಅಪ್ಪನ ಜೊತೆ ಬೀದಿಯಲ್ಲಿ ನಡೆದಿದ್ದನ್ನು ನಾನು ಕಂಡಿಲ್ಲ. ಹತ್ತು ಹೆಜ್ಜೆ ಮುಂದೆ, ಇಲ್ಲವೇ ಹತ್ತು ಹೆಜ್ಜೆ ಹಿಂದೆ.

ಈಗ ಅವಳು ಬೇರೆ ಊರಿನಲ್ಲಿ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ, ಕನ್ನಡಕಕ್ಕೆ ಅಳತೆ ನೋಡುವುದು. ಅಳತೆ ನೋಡುವ ಚಾಳಿ ರಕ್ತದಲ್ಲೇ ಬಂದಿರಬೇಕು. ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮೆಚ್ಚಿಕೊಂಡಳು, ಎರಡೂ ಕಡೆ ಒಪ್ಪಿಗೆಯಾಯಿತು. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಮದುವೆ ಎಂದು ನಿಶ್ಚಯವಾಯಿತು. ಇನ್ನು ಒಂದು ವಾರವಿದೆ ಎನ್ನುವಾಗ ಫೋನು ಮಾಡಿದಳು.

"ಅಪ್ಪಾ, ಒಂದು ಮಾತು. ನಿಮ್ಮದೇ ಅಂತ ಒಂದು ಅಂಗಿ ಹೊಲಿಸ್ಕೊಂಡು ಬರೋದಾದ್ರೆ ಬನ್ನಿ. ಇಲ್ಲಾಂದ್ರೆ ಅಮ್ಮ ಒಬ್ಬಳೇ ಬರಲಿ."

ನನಗೆ ಪಿತ್ತ ನೆತ್ತಿಗೇರಿತು. ಫೋನು ಕಿತ್ತುಕೊಂಡು, "ಹೆತ್ತ ಅಪ್ಪನಿಗೆ ಹೀಗಾ ಹೇಳೋದು?" ಎಂದು ಗದರಿದೆ. ಆ ಕಡೆ ಅವಳು ಅಳುತ್ತಿದ್ದಳು. "ನಂಗೆ ಬೇರೇನೂ ಬೇಡಮ್ಮ" ಎಂದಳು. ಇವರು ಮಾತ್ರ ಸಿಟ್ಟಾಗಲಿಲ್ಲ. ಟೇಪನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತುತ್ತ, "ಅವಳು ಕೇಳಿದ್ದು ನ್ಯಾಯವಾಗೇ ಇದೆ. ಒಂದು ಅಂಗಿ ತಾನೇ, ಅದೇನು ಮಹಾ" ಎಂದರು.

ಮಹಾ ಆಗಿದ್ದು ಬುಧವಾರ. ಟೈಲರ್ ತನ್ನ ಅಳತೆ ತಾನು ತೆಗೆದುಕೊಳ್ಳಲಾರ, ಟೇಪು ನೋಡಲು ತಲೆ ಬಗ್ಗಿಸಿದರೆ ಭುಜದ ಅಳತೆಯೇ ಬದಲಾಗಿಬಿಡುತ್ತದೆ. ಹಾಗಾಗಿ ಟೇಪು ನನ್ನ ಕೈಗೆ ಬಂತು. ಗಿರಾಕಿ ಬಂದಂತೆಯೇ ಎಲ್ಲ ಆಗಬೇಕು ಎಂದು ಇವರು ಹೊರಗೆ ಹೋಗಿ, ಚಪ್ಪಲಿ ಬಿಟ್ಟು, ಮತ್ತೆ ಒಳಗೆ ಬಂದರು. ನಾನು ಅಳತೆ ಪುಸ್ತಕ ಬಿಚ್ಚಿದೆ.

"ಕಾಲರ್ ಹೇಗಿರಲಿ ಸಾರ್?" ಎಂದೆ.

"ಮೊನಚು ಇರಲಿ. ಬೇಡ, ಅದು ಪೋಸ್ಟ್‌ಮಾಸ್ಟರದ್ದು."

"ಮತ್ತೆ ಗುಂಡಗೆ?"

"ಅದು ವಕೀಲರದ್ದು ಕಣೇ."

"ಜೇಬು ಒಂದಾ, ಎರಡಾ?"

"ಎರಡು ಜೇಬು ಡ್ರೈವರುಗಳು ಇಡಿಸ್ತಾರೆ. ಒಂದು ಮೇಷ್ಟ್ರುಗಳು. ಜೇಬೇ ಬೇಡ ಅನ್ನೋನು ಆ ಹಾರ್ಮೋನಿಯಂ ರಿಪೇರಿಯವನು." ಇವರು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. "ಹಾಗಾದ್ರೆ ನಂದು ಯಾವುದು?"

ಊರಿನವರಿಗೆಲ್ಲ "ಹೇಗಿರಬೇಕು?" ಎಂದು ಕೇಳಿದ ಮನುಷ್ಯ, ಆ ಪ್ರಶ್ನೆ ತಿರುಗಿ ತನ್ನ ಮೇಲೆ ಬಂದಾಗ ಪಾಠ ಓದದ ಹುಡುಗನಂತೆ ತಲೆ ಕೆರೆದುಕೊಳ್ಳುತ್ತಿದ್ದರು. ನಗು ಬಂತು, ನಗಲಾಗಲಿಲ್ಲ. ಕೊನೆಗೆ ಪುಸ್ತಕದಲ್ಲಿ ಕಾಲರ್, ಜೇಬು ಬರೆಯುವ ಜಾಗದಲ್ಲಿ ತಾವೇ 'ನಾಳೆ ಹೇಳುತ್ತೇನೆ' ಎಂದು ಬರೆದರು.

ಅಳತೆಯಾದರೂ ಮುಗಿಯಲಿ ಎಂದು ಟೇಪು ಹಿಡಿದೆ. ಎದೆ, ತೋಳು, ಉದ್ದ ಎಲ್ಲ ಸರಿ. ಭುಜಕ್ಕೆ ಬಂದಾಗ ಟೇಪನ್ನು ಎರಡು ಸಲ ಹಿಡಿದು ನೋಡಿದೆ. ಎಡಭುಜ ಬಲಕ್ಕಿಂತ ಮುಕ್ಕಾಲು ಇಂಚು ಇಳಿದುಹೋಗಿತ್ತು. ಮೂವತ್ತೊಂದು ವರ್ಷ ಎಡಕ್ಕೆ ವಾಲಿಕೊಂಡು ಸೂಜಿಯ ಕೆಳಗೆ ಬಟ್ಟೆ ತಳ್ಳಿದವರ ಭುಜ ಇನ್ನು ಹೇಗಿರಬೇಕು? ಇಷ್ಟು ವರ್ಷ ಯಾವ ಅಂಗಿಯೂ ಇವರ ಮೈಮೇಲೆ ನೆಟ್ಟಗೆ ಕೂರಲಿಲ್ಲ, ಪರರ ಅಂಗಿ ಅಲ್ಲವೇ ಎಂದುಕೊಂಡು ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ನಮ್ಮ ಅಂಗಡಿಯಲ್ಲಿ ಒಂದು ಕಟ್ಟಳೆಯಿದೆ. ಗಿರಾಕಿಯ ಮೈಯಲ್ಲಿ ಏನು ಕುಂದಿದ್ದರೂ ಬಾಯಿ ಬಿಟ್ಟು ಹೇಳುವಂತಿಲ್ಲ. ಪುಸ್ತಕದಲ್ಲಿ ಗುರುತು ಹಾಕುವುದು ಅಷ್ಟೇ. ಹೊಟ್ಟೆ ಮುಂದಿದ್ದರೆ ಚುಕ್ಕೆ, ಬೆನ್ನು ಬಾಗಿದ್ದರೆ ಕೊಕ್ಕೆ, ಭುಜ ಇಳಿದಿದ್ದರೆ ಆ ಕಡೆಗೊಂದು ಓರೆ ಗೆರೆ. ಕತ್ತರಿಸುವಾಗ ಇವರು ಆ ಗುರುತು ನೋಡಿ ಬಟ್ಟೆಯನ್ನು ಹೊಂದಿಸುತ್ತಾರೆ, ಗಿರಾಕಿಗೆ ತನ್ನ ಕುಂದು ಎಂದೂ ಗೊತ್ತಾಗುವುದಿಲ್ಲ. ಆದರೆ ಪ್ರತಿ ಗುರುತು ನೋಡಿದಾಗಲೂ ಇವರು ಮೆಲ್ಲಗೆ "ಪಾಪ" ಎನ್ನುತ್ತಾರೆ. ಆ ಪಾಪವನ್ನು ಇವರು ತಮಗೇ ಹೇಳಿಕೊಳ್ಳುವುದು ನನಗೆ ಬೇಡವಾಗಿತ್ತು. ನಾನು ಗೆರೆ ಎಳೆಯಲಿಲ್ಲ. ಪುಸ್ತಕ ಮುಚ್ಚಿಬಿಟ್ಟೆ.

ಗುರುವಾರ ಎದುರಿನ ಬಟ್ಟೆ ಅಂಗಡಿಗೆ ಹೋದೆವು. ಎರಡು ಗಂಟೆ ಹೊತ್ತು ಇವರು ಥಾನುಗಳನ್ನು ಮುಟ್ಟಿದ್ದೇ ಮುಟ್ಟಿದ್ದು. ಇದನ್ನು ಇಂಥವರು ಹೊಲಿಸಲು ತಂದಿದ್ದರು, ಅದನ್ನು ಅವರ ಅಳಿಯ ತಂದಿದ್ದ ಎನ್ನುವುದು, ಬಿಡುವುದು. ಕೊನೆಗೆ ನನ್ನ ಕಡೆ ತಿರುಗಿ, "ಏನೇ, ನಂಗೆ ಯಾವ ಬಣ್ಣ ಇಷ್ಟ?" ಎಂದು ಕೇಳಿದರು.

"ನನ್ನ ಕೇಳಿದ್ರೆ?" ಎಂದು ರೇಗಿದೆ. ರೇಗಿದ ಮೇಲೆ ಹೊಳೆಯಿತು, ನನಗೂ ಗೊತ್ತಿಲ್ಲ. ಇವರು ಎಷ್ಟು ಅನ್ನ ಉಣ್ಣುತ್ತಾರೆ, ಯಾವ ಮಗ್ಗುಲಿಗೆ ಮಲಗುತ್ತಾರೆ, ಯಾವಾಗ ಸುಳ್ಳು ಹೇಳುತ್ತಾರೆ, ಎಲ್ಲ ಗೊತ್ತು. ಇವರಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಕಟ್ಟಕಡೆಗೆ ಇವರ ಕೈ ಕೆಳಗಿನ ಖಾನೆಯ ಒಂದು ಥಾನಿನ ಮೇಲೆ ನಿಂತಿತು. ಬದನೆಕಾಯಿ ಬಣ್ಣದ ಒರಟು ಹತ್ತಿ. "ಇದನ್ನ ಯಾರೂ ತಂದಿಲ್ಲ" ಎಂದರು. ಅಂಗಡಿಯವನು, "ಯಾರು ತರ್ತಾರೆ ಮಾಸ್ಟ್ರೇ, ಐದು ವರ್ಷದಿಂದ ಹಾಗೇ ಬಿದ್ದಿದೆ" ಎಂದ.

"ಇಲ್ಲೂ ಯಾರಿಗೂ ಬೇಡದ್ದೇ ಬೇಕಾಯ್ತಾ ನಿಮಗೆ?" ಎಂದೆ. ಇವರು ಬಟ್ಟೆಯನ್ನು ಬೆಳಕಿಗೆ ಹಿಡಿದು, ಮುಖಕ್ಕೆ ಹತ್ತಿರ ತಂದು, ದೂರ ಮಾಡಿ, ಮತ್ತೆ ಹತ್ತಿರ ತಂದರು. "ಚೆನ್ನಾಗಿದೆಯೋ ಇಲ್ಲವೋ ತಿಳೀತಿಲ್ಲ, ಕೆಳಗಿಡೋಕೂ ಮನಸ್ಸಿಲ್ಲ" ಎಂದರು. ನಾನು ಅಂಗಡಿಯವನಿಗೆ ಕತ್ತರಿಸು ಎಂದುಬಿಟ್ಟೆ, ಇಲ್ಲದಿದ್ದರೆ ಅಲ್ಲೇ ಬೀಡು ಬಿಡಬೇಕಾಗಿತ್ತು.

ಶುಕ್ರವಾರ ಮಧ್ಯಾಹ್ನವಾದರೂ ಬಟ್ಟೆ ಮೇಜಿನ ಮೇಲೆ ಹಾಸಿದ ಹಾಗೇ ಇತ್ತು. ಸೀಮೆಸುಣ್ಣದಲ್ಲಿ ಒಂದು ಕಾಲರ್ ಬರೆಯುವುದು, ಉಜ್ಜುವುದು. ಇನ್ನೊಂದು ಬರೆಯುವುದು, ಉಜ್ಜುವುದು. ನನ್ನ ತಾಳ್ಮೆ ತಪ್ಪಿತು.

"ಸ್ವಲ್ಪ ಇಲ್ಲಿ ಕೇಳ್ರೀ. ಯಾವ ಅಂಗಿ ಹಾಕಿದ್ರೂ ನೀವು ಮೊದಲು ಮಾಡೋದೇನು? ತೋಳು ಮೊಣಕೈಯಿಂದ ಮೂರು ಬೆರಳು ಕೆಳಗೆ ಬರೋ ಹಾಗೆ ಮಡಿಸ್ತೀರಿ. ಕಾಲರ್ ಕುತ್ತಿಗೆಗೆ ಚುಚ್ಚುತ್ತೆ ಅಂತ ಒಳಗೆ ತಳ್ತೀರಿ. ಎದೆ ಮೇಲಿನ ಜೇಬಿನಲ್ಲಿ ಸೀಮೆಸುಣ್ಣ ಇಟ್ಟು, ಬಗ್ಗಿದಾಗ ಬಿತ್ತು ಅಂತ ಬೈಕೊಳ್ತೀರಿ. ನಿಮಗೇನು ಬೇಕು ಅಂತ ನಿಮ್ಮ ಕೈಗೆ ಗೊತ್ತಿದೆ. ಬಾಯಿಗೆ ಗೊತ್ತಿಲ್ಲ ಅಷ್ಟೇ."

ಇವರು ಮಡಿಸಿದ ತಮ್ಮ ತೋಳನ್ನು ನೋಡಿಕೊಂಡರು. "ಅದನ್ನೆಲ್ಲ ಸ್ಟೈಲು ಅಂತಾರೇನೇ?" ಎಂದರು.

"ಏನಂತಾರೋ ನಂಗೇನು ಗೊತ್ತು, ಕತ್ತರಿ ಹಾಕಿ" ಎಂದೆ.

ಕತ್ತರಿ ಆಡಿತು. ಕಾಲರಿಲ್ಲದೆ ಬೆರಳಗಲದ ನಿಂತ ಕುತ್ತಿಗೆಪಟ್ಟಿ, ಮೊಣಕೈ ದಾಟಿ ನಿಲ್ಲುವ ತೋಳು, ಬಲಗಡೆ ಸೊಂಟದ ಹತ್ತಿರ ಆಳವಾದ ಒಂದು ಜೇಬು. ನಾನು ಕಾಜಾ ಮಾಡಿದೆ. ಶನಿವಾರ ಮಧ್ಯಾಹ್ನ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು.

ಎಡಗಡೆ ಅಂಗಿ ಜೋತುಬಿದ್ದಿತ್ತು. ಕುತ್ತಿಗೆಪಟ್ಟಿ ಒಂದು ಪಕ್ಕ ಬಾಯಿ ಬಿಟ್ಟಿತ್ತು, ಕೆಳಗಿನ ಅಂಚು ಓರೆಯಾಗಿತ್ತು. ಥೇಟ್ ಬೇರೆಯವರ ಅಂಗಿ. ಇವರು ಪುಸ್ತಕ ತೆಗೆದು ಅಳತೆ ನೋಡಿದರು, ಟೇಪು ಹಿಡಿದು ಬಟ್ಟೆ ಅಳೆದರು. ಎಲ್ಲ ಸರಿಯಾಗೇ ಇತ್ತು. ಮತ್ತೆ ಹಾಕಿಕೊಂಡರು, ಮತ್ತೆ ಜೋತುಬಿತ್ತು. ಸ್ಟೂಲಿನ ಮೇಲೆ ಕುಸಿದು ಕೂತರು.

"ಅಳತೆ ತಪ್ಪಿಲ್ಲ, ಹೊಲಿಗೆ ತಪ್ಪಿಲ್ಲ. ನನ್ನ ಮೈಗೇ ಸ್ವಂತದ್ದು ಒಗ್ಗಲ್ಲ ಅನ್ಸುತ್ತೆ ಕಣೇ. ನೀನೊಬ್ಬಳೇ ಹೋಗಿ ಬಾ. ಅವಳು ನಾಲ್ಕು ಜನರ ಮುಂದೆ ಮತ್ತೆ ತಲೆ ತಗ್ಗಿಸೋದು ಬೇಡ."

ಹೇಳಿದರೆ ಇವರಿಗೆ ನೋವು, ಹೇಳದಿದ್ದರೆ ಮಗಳ ಮದುವೆಗೆ ಅಪ್ಪನಿಲ್ಲ. ಯಾವುದು ಸರಿ ಎಂದು ತಿಳಿಯಲಿಲ್ಲ. ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಪುಸ್ತಕ ನನ್ನ ಕಡೆ ಎಳೆದುಕೊಂಡು, ಇವರ ಪುಟದಲ್ಲಿ, ಎಡಗಡೆಗೆ ಒಂದು ಓರೆ ಗೆರೆ ಎಳೆದು ಮುಂದಿಟ್ಟೆ.

ಇವರು ಗೆರೆ ನೋಡಿದರು. ಕನ್ನಡಿಗೆ ಹೋಗಿ ಅಂಗಿ ತೆಗೆದು ಬರಿ ಭುಜಗಳನ್ನು ನೋಡಿಕೊಂಡರು. ನಾನು ಆ 'ಪಾಪ'ಕ್ಕೆ ಕಾಯುತ್ತ ನಿಂತೆ.

"ಎಷ್ಟು?" ಎಂದರು.

"ಮುಕ್ಕಾಲು ಇಂಚು."

"ಬುಧವಾರಾನೇ ಗೊತ್ತಿತ್ತಾ?"

"ಗೊತ್ತಿತ್ತು."

"ಗುರುತು ಹಾಕದೇ ಯಾರಾದ್ರೂ ಅಳತೆ ಬರೀತಾರೇನೇ? ಇಷ್ಟು ವರ್ಷ ಅಂಗಡೀಲಿ ಕೂತು ಇದನ್ನೇನಾ ಕಲಿತಿದ್ದು?" ಎಂದು ಗಟ್ಟಿಯಾಗಿ ಬೈದರು. ಬೈಸಿಕೊಂಡು ಇಷ್ಟು ಸಮಾಧಾನ ನನಗೆ ಯಾವತ್ತೂ ಆಗಿರಲಿಲ್ಲ. ಭಾನುವಾರ ಬೆಳಿಗ್ಗೆ ಎಡಭುಜದ ಹೊಲಿಗೆ ಬಿಚ್ಚಿ, ಇಳಿಸಿ ಕತ್ತರಿಸಿ, ಮತ್ತೆ ಕೂಡಿಸಿದರು. ಹಾಕಿಕೊಂಡು ಕನ್ನಡಿಗೆ ಹೋಗದೆ ನನ್ನ ಮುಂದೆ ಬಂದು ನಿಂತರು. ಚೆನ್ನಾಗಿ ಕಂಡರು ಎಂದು ಹೇಳಲೇ? ಗೊತ್ತಿಲ್ಲ. ಯಾರೋ ಹೊಸ ಮನುಷ್ಯ ಮನೆಗೆ ಬಂದಂತಾಗಿ ನಾನು ಸೆರಗು ಸರಿಮಾಡಿಕೊಂಡೆ.

ಸೋಮವಾರ ನೋಂದಣಿ ಕಚೇರಿಯ ಮೆಟ್ಟಿಲ ಹತ್ತಿರ ಮಗಳು ನಿಂತಿದ್ದಳು, ಪಕ್ಕದಲ್ಲಿ ಹುಡುಗ, ಅವನ ಮನೆಯವರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇವರು, "ಬಣ್ಣ ಜಾಸ್ತಿಯಾಯ್ತೇನೋ? ಕಾಲರ್ ಇರಬೇಕಿತ್ತೇನೋ?" ಎಂದು ನನ್ನ ತಲೆ ತಿಂದಿದ್ದರು. ಗೇಟಿನೊಳಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ಅವಳು ಅಪ್ಪನನ್ನು ಕುತ್ತಿಗೆಯಿಂದ ಅಂಚಿನವರೆಗೆ ನೋಡಿದಳು, ಮತ್ತೆ ಅಂಚಿನಿಂದ ಕುತ್ತಿಗೆಯವರೆಗೆ.

"ಅಪ್ಪಾ, ಇದು ಯಾರದ್ದು?"

"ಗೊತ್ತಿಲ್ಲ ಮಗಳೇ" ಎಂದು ಇವರು ತಡವರಿಸಿದರು. "ನಂದೇ ಇರಬೇಕು."

ಅವಳು ಮೆಟ್ಟಿಲು ಇಳಿದು ಬಂದು ಇವರ ಎದೆಗೆ ಮುಖವಿಟ್ಟು ಎಲ್ಲರೆದುರಿಗೇ ಗೊಳೋ ಎಂದು ಅತ್ತಳು. ಅವಳು ಮುಖ ಎತ್ತಿದಾಗ ಕಣ್ಣಿನ ಕಾಡಿಗೆಯೆಲ್ಲ ಕದಡಿ ಅಂಗಿಗೆ ಅಂಗೈಯಗಲ ಮೆತ್ತಿಕೊಂಡಿತ್ತು. ನನ್ನ ಕೈ ತಾನಾಗಿಯೇ ಕರವಸ್ತ್ರಕ್ಕೆ ಹೋಯಿತು. ಇಷ್ಟು ವರ್ಷ ಇವರ ಅಂಗಿ ಒಗೆದಿದ್ದೇನೆ, ಒಂದರಲ್ಲೂ ಕಲೆ ಕಂಡಿಲ್ಲ. ಯಾವತ್ತಾದರೂ ಅಂಗಿಯ ಯಜಮಾನ ಬಂದು ಕೇಳಿದರೆ ಎಂದು ಸಾರು ಬಡಿಸುವಾಗಲೂ ಮೈ ಹಿಂದಕ್ಕೆಳೆದು ಕೂರುವವರು ಇವರು. ನಾನು ಕರವಸ್ತ್ರ ಒದ್ದೆ ಮಾಡಿಕೊಂಡು ಒರೆಸಲು ಹೋದರೆ ಇವರು ನನ್ನ ಕೈ ಹಿಡಿದುಕೊಂಡರು.

"ಇರಲಿ ಬಿಡೇ," ಎಂದರು. "ನಂದೇ ಅಲ್ವಾ?"